ಟೈಲರಣ್ಣನ ಹಕ್ಕಿ ಗರಿ ಬದಲಿಸಿದ ತಿಂಗಳು

ಮೊನ್ನೆ ನವಣೆ ನೆನೆಹಾಕಿ ಮರೆತುಬಿಟ್ಟಿದ್ದೆ. ಬೆಳಗ್ಗೆ ಮುಚ್ಚಳ ತೆಗೆದಾಗ ಬಂದ ಹುಳಿ ವಾಸನೆಗೆ ಪಕ್ಕದ ಮನೆಯ ಟೈಲರಣ್ಣ ನೆನಪಾದರು. ಕೆಲಸ ಮುಂದುವರಿಸಲು ಮನಸ್ಸಾಗದೆ ಅಲ್ಲೇ ಕುಳಿತೆ...

ದೊಡ್ಡಗಾಜನೂರಿನಲ್ಲಿ ನಮ್ಮಿಬ್ಬರ ಮನೆಗೂ ನಡುವೆ ಒಂದೇ ಗೋಡೆ. ಅವರ ಹೊಲಿಗೆ ಮಿಷನ್ನಿನ ಮೇಲೊಂದು ಪಂಜರ, ಅದರೊಳಗೆ ಗುಬ್ಬಿಗಿಂತ ಚಿಕ್ಕದಾದ, ಕಿತ್ತಳೆ ಬಣ್ಣದ ಕೆನ್ನೆಯ ಗಂಡು ಫಿಂಚ್ ಹಕ್ಕಿ. ಜೊತೆಯ ಹೆಣ್ಣು ಎಂದೋ ಸತ್ತಿತ್ತು. ದಿನಾ ಅದಕ್ಕೆ ನೆನೆಸಿದ ನವಣೆ ಇಟ್ಟೇ ಅವರು ಕಾಫಿ ಕುಡಿಯುತ್ತಿದ್ದುದು. ಹಕ್ಕಿ ಕೂಗದಿದ್ದರೆ ನಿಮ್ಮ ಮಿಷನ್ನೇ ಓಡುವುದಿಲ್ಲ ಎಂದು ನಾವೆಲ್ಲ ಗೇಲಿ ಮಾಡುತ್ತಿದ್ದೆವು.

ಕಣ್ಣಿನ ಆಪರೇಷನ್ನಿಗೆಂದು ಸತ್ಯಮಂಗಲಕ್ಕೆ ಹೊರಟಾಗ ಪಂಜರವನ್ನು ನನ್ನ ಕೈಗೆ ಕೊಟ್ಟರು. ಹಕ್ಕಿ ಆಗಷ್ಟೇ ಗರಿ ಉದುರಿಸಲು ಶುರುಮಾಡಿತ್ತು.

"ವರ್ಸಾವರ್ಸ ಇಂಗೇಯ ಕಣವ್ವಾ, ಎದ್ರುಕೊಬ್ಯಾಡ. ಅಳೇದು ಉದ್ರಿ ಒಸದು ಬತ್ತದೆ. ಅಲ್ಲಿಗಂಟ ಕೂಗಲ್ಲ. ಬೇಯ್ಸಿದ ಮೊಟ್ಟೆ ಒಸಿ ಮಡಗು. ಮೈ ಮಾತ್ರ ಮುಟ್ಬ್ಯಾಡ."

ಚೆಂಡುಹೂ ಕುಯ್ದು ಬಂದು ಸೊಂಟ ಎತ್ತಲಾಗದ ದಿನಗಳವು. ಅವರ ಮಾತನ್ನು ಅರ್ಧ ಕಿವಿಯಲ್ಲಿ ಕೇಳಿದ್ದೆ. ಮೂರನೇ ದಿನ ನೋಡಿದರೆ ಹಕ್ಕಿಯ ಕತ್ತು ಬೋಳು, ಅಲ್ಲಲ್ಲಿ ಮುಳ್ಳಿನಂಥವು ಎದ್ದಿದ್ದವು. ಅವು ಹೊಸ ಗರಿಯ ಮೊಳಕೆ ಎಂದು ನನಗೆ ಹೊಳೆಯಲೇ ಇಲ್ಲ. ಕಜ್ಜಿ ಎಂದುಕೊಂಡು, ಕೋಳಿಗಳಿಗೆ ಮಾಡುವಂತೆ ಬೇವಿನೆಣ್ಣೆಗೆ ಅರಿಶಿನ ಕಲಸಿ ಮೈಗೆಲ್ಲ ಸವರಿದೆ. ಎಣ್ಣೆ ಹತ್ತಿದ ಗರಿ ಮೈಯನ್ನು ಬೆಚ್ಚಗಿಡುವುದಿಲ್ಲವಂತೆ, ಆಮೇಲೆ ತಿಳಿಯಿತು. ನಮ್ಮ ಬೆಟ್ಟದ ಚಳಿಗೆ ಬೆಳಗಾಗುವಷ್ಟರಲ್ಲಿ ಅದು ಸತ್ತಿತ್ತು.

ಕಪ್ಪು ಕನ್ನಡಕ ಹಾಕಿಕೊಂಡು ಬಂದ ಟೈಲರಣ್ಣನೆದುರು ನಿಜ ಹೇಳಲು ನನಗೆ ಬಾಯಿ ಬರಲಿಲ್ಲ.

"ಪುಕ್ಕದ ದೂಳು ಕಣ್ಗೆ ಆಗಲ್ಲ ಕಣಣ್ಣಾ. ಗರಿ ಬರಗಂಟ ನಮ್ಮನೇಲೇ ಇರ್ಲಿ ಬುಡು" ಎಂದೆ.

ದಿನಾ ಗೋಡೆಯಾಚೆಯಿಂದ ಕೇಳುತ್ತಿದ್ದರು, "ಕೂಗ್ತಾ?" ಎಂದು. "ಇನ್ನೂ ಇಲ್ಲ ಕಣಣ್ಣಾ" ಎನ್ನುತ್ತಿದ್ದೆ. ಹೀಗೇ ಒಂದು ತಿಂಗಳು... ಸುಳ್ಳು ಹೇಳಿ ಹೇಳಿ ನನಗೇ ಸಾಕಾಗಿಹೋಯಿತು. ಕೊನೆಗೆ ಚಾಮರಾಜನಗರಕ್ಕೆ ಹೋಗಿ ಅಂಥದ್ದೇ ಇನ್ನೊಂದು ಹಕ್ಕಿ ತಂದೆ. ಅದೇ ಬಣ್ಣ, ಅದೇ ಕೆನ್ನೆ. ಪಂಜರಕ್ಕೆ ಬಿಟ್ಟು, ಗರಿ ಬಂತು ಎಂದು ಹೇಳಿ ಅವರ ಮಿಷನ್ನಿನ ಮೇಲೆ ತೂಗುಹಾಕಿದೆ.

ಸ್ವಲ್ಪ ಹೊತ್ತಿಗೆ ಹಕ್ಕಿ ಕೂಗಿತು. ಟೈಲರಣ್ಣ ಪೆಡಲ್ ನಿಲ್ಲಿಸಿ ಕಿವಿಗೊಟ್ಟರು. ಮತ್ತೊಮ್ಮೆ ಕೂಗುವವರೆಗೂ ಕಾದರು.

"ಗರಿ ಬದಲಾಯ್ತದೆ ಕಣವ್ವಾ, ಕೂಗು ಬದಲಾಗಲ್ಲ."

ಅಷ್ಟೇ. ಬೈಯಲಿಲ್ಲ. ಎದ್ದು ಹೋಗಿ ಪಂಜರದ ಬಟ್ಟಲಿಗೆ ನೀರು ತುಂಬಿ ತಂದಿಟ್ಟರು. ನಾನು ತಲೆ ತಗ್ಗಿಸಿಕೊಂಡು ಮನೆಗೆ ಬಂದೆ.

ಅವರು ತೀರಿಕೊಂಡು ಎರಡು ವರ್ಷವಾಯಿತು. ಅವರು ಆ ಮಾತನ್ನು ಮತ್ತೆ ಎತ್ತಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ಒಮ್ಮೆ ಗದರಿದ್ದರೆ ಅತ್ತಾದರೂ ಹಗುರಾಗುತ್ತಿದ್ದೆ. ಈಗ ಗೋಡೆಯಾಚೆ ಬೇರೆ ಯಾರೋ ಇದ್ದಾರೆ, ಅವರ ಬಳಿ ಹೇಳಿಕೊಂಡು ಏನು ಪ್ರಯೋಜನ... ನನ್ನ ಸುಳ್ಳು ಗೊತ್ತಿದ್ದೂ ಆ ಹಕ್ಕಿಯನ್ನು ಟೈಲರಣ್ಣ ಕೊನೆಯವರೆಗೂ ಸಾಕಿದರು. ಅದೊಂದನ್ನು ಮಾತ್ರ ನನಗೆ ಇವತ್ತಿಗೂ ತಡೆದುಕೊಳ್ಳಲಾಗುವುದಿಲ್ಲ.