ಪಾಸಾದವರ ಪಗಾರ

ನಾನೂ ನನ್ನ ಗೆಳತಿಯೂ ಮುಂಬೈಯ ಒಂದು ವಿಮಾ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುತ್ತೇವೆ. ನಾನು ವಿಜಯಪುರ ಜಿಲ್ಲೆಯ ಇಂಡಿಯಲ್ಲಿ, ಅಣ್ಣನ ಮನೆಯ ಮಾಳಿಗೆ ಮೇಲಿನ ಕೋಣೆಯಲ್ಲಿ. ಆಕೆ ಮುದ್ದೇಬಿಹಾಳದಲ್ಲಿ, ಅವರ ಅಬ್ಬಾನ ಅರಿವೆ-ಬಟ್ಟೆ ಅಂಗಡಿಯ ಮೇಲಿನ ಮನೆಯಲ್ಲಿ. ವಿಜಯಪುರದಲ್ಲಿ ಸಂಖ್ಯಾಶಾಸ್ತ್ರ ಓದುವಾಗ ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದವರು ನಾವು.

ಯಾವ ವಯಸ್ಸಿನವರು ಎಷ್ಟು ಕಾಲ ಬದುಕಬಹುದು, ಅವರ ಪಾಲಿಸಿಗೆ ಕಂತು ಎಷ್ಟಿಡಬೇಕು, ಇದು ನಮ್ಮ ಲೆಕ್ಕ. ಇದರಲ್ಲಿ ಮೇಲೇರಬೇಕಾದರೆ ಆಕ್ಚುಯರಿ, ಅಂದರೆ ವಿಮಾ ಗಣಿತಜ್ಞರ, ಪರೀಕ್ಷೆಗಳನ್ನು ಒಂದೊಂದೇ ಪಾಸು ಮಾಡುತ್ತಾ ಹೋಗಬೇಕು. ಒಂದು ಪೇಪರ್ ಪಾಸಾದರೆ ಕಂಪನಿ ಪಗಾರ ಏರಿಸುತ್ತದೆ, ಮೇಲೊಂದು ಇನಾಮು ಕೊಡುತ್ತದೆ. ಓದಲಿಕ್ಕೆ ಪಗಾರದ ಸಮೇತ ರಜೆಯೂ ಉಂಟು. ಫೇಲಾದರೆ ಮುಂದಿನ ಸಲದ ಫೀಸು ನಮ್ಮದೇ, ರಜೆಯೂ ಇಲ್ಲ.

ಮೊದಲ ಪೇಪರುಗಳನ್ನು ಇಬ್ಬರೂ ಕೂಡಿಯೇ ದಾಟಿದೆವು. ಪರೀಕ್ಷೆಗೆ ಪುಣೆಗೆ ಹೋಗುವಾಗ ಆಕೆ ವಿಜಯಪುರದಲ್ಲಿ ರೈಲು ಹತ್ತಿ ಬರುತ್ತಿದ್ದಳು, ನಾನು ಇಂಡಿ ರೋಡ್ ಸ್ಟೇಷನ್ನಿನಲ್ಲಿ ಏರುತ್ತಿದ್ದೆ. ಸೊಲ್ಲಾಪುರ ಬರುವುದರೊಳಗೆ ಆಕೆಯ ರೊಟ್ಟಿ ನನ್ನ ಹೊಟ್ಟೆಯಲ್ಲಿರುತ್ತಿತ್ತು.

ಆಮೇಲಿನ ಒಂದು ಪೇಪರಿನಲ್ಲಿ ನಾನು ಪಾಸಾದೆ, ಆಕೆ ಆಗಲಿಲ್ಲ. ಮತ್ತೆ ಬರೆದಳು, ಆಗಲೂ ಆಗಲಿಲ್ಲ. ಅಷ್ಟರಲ್ಲಿ ನಾನು ಇನ್ನೊಂದು ಮುಗಿಸಿದ್ದೆ. ನನ್ನ ಪಗಾರ ಎರಡು ಸಲ ಏರಿತ್ತು. ಆಕೆ ಫೋನ್ ಎತ್ತುವುದು ಕಡಿಮೆಯಾಯಿತು. ಎತ್ತಿದರೂ, "ಕೆಲಸದಾಗ ಅದೀನಿ, ಆಮ್ಯಾಲ ಮಾತಾಡೂಣು" ಅನ್ನುತ್ತಿದ್ದಳು. ಆ ಆಮ್ಯಾಲ ಬರಲೇ ಇಲ್ಲ.

ಒಂದು ಶನಿವಾರ ತಡೆಯಲಾಗದೆ ಬಸ್ ಹತ್ತಿದೆ. ಸಿಂದಗಿಯಲ್ಲಿ ಇಳಿದು ಹತ್ತಿ, ತಾಳಿಕೋಟೆಯಲ್ಲಿ ಇಳಿದು ಹತ್ತಿ, ಮುದ್ದೇಬಿಹಾಳ ಮುಟ್ಟುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಹೇಳದೆ ಬಂದವಳನ್ನು ನೋಡಿ ಆಕೆ ಗಾಬರಿಯಾದಳು, ಆಮೇಲೆ ಕೈ ಹಿಡಿದು ಮೇಲೆ ಕರೆದೊಯ್ದಳು. ಅವರ ಅಮ್ಮಿ ಬಿಸಿ ರೊಟ್ಟಿ, ಎಣ್ಣೆಗಾಯಿ ಬಡಿಸಿ, "ಎಷ್ಟ್ ಸೊರಗೀಯವ್ವಾ" ಎಂದು ನನ್ನ ಗಲ್ಲ ಮುಟ್ಟಿದರು.

ಊಟವಾದ ಮೇಲೆ ನಾನೇ ಕೇಳಿದೆ. "ನನ್ನ ಮ್ಯಾಲ ಸಿಟ್ಟಾಗೀಯೇನ?"

"ಸಿಟ್ಟ್ ಯಾಕ ಆಗ್ಲಿ? ನೀ ಓದಿದಿ, ಪಾಸಾದಿ." ತಾಟುಗಳನ್ನು ಬದಿಗೆ ಸರಿಸಿದಳು. "ಖರೇ ಹೇಳ್ಲೇನ? ನಾವಿಬ್ರೂ ಒಂದ ಕೆಲಸ ಮಾಡಾಕತ್ತೇವಿ, ಪಗಾರ ಬ್ಯಾರೆ ಬ್ಯಾರೆ ಐತಿ. ನಿನ್ನ ಫೋನ್ ಬಂತಂದ್ರ ಅದ ಮೊದಲ ನೆನಪಾಗತೈತಿ."

"ಆ ನಿಯಮ ನಾ ಮಾಡಿಲ್ಲಲ್ಲ."

"ನೀ ಮಾಡಿಲ್ಲ, ಗೊತ್ತೈತಿ. ಆದ್ರೂ ಅದು ನಮ್ಮಿಬ್ರ ನಡುವ ಬಂದು ಕುಂತೈತಿ."

ಇನ್ನು ಪರೀಕ್ಷೆ ಬರೆಯುವುದಿಲ್ಲ, ಇದ್ದ ಕೆಲಸದಲ್ಲೇ ಇರುತ್ತೇನೆ ಎಂದಳು. ಅಳಲಿಲ್ಲ. ಹೇಳಿ ಹಗುರಾದಂತೆ ಕಂಡಳು. ನಾನು ಮತ್ತೊಮ್ಮೆ ಪ್ರಯತ್ನ ಮಾಡೆಂದು ಹೇಳಬೇಕೆಂದುಕೊಂಡಿದ್ದೆ, ಆಕೆಯ ಮುಖ ನೋಡಿ ಆ ಮಾತು ಬಿಟ್ಟೆ. ಕೆಳಗಿನ ಅಂಗಡಿಗೆ ಕರೆದೊಯ್ದು ನನಗೊಂದು ಇಳಕಲ್ ಸೀರೆ ಆರಿಸಿಕೊಟ್ಟಳು.

ಬರುವಾಗ ತಾಳಿಕೋಟೆ ಬಸ್ ತಪ್ಪಿ ಬಾಗೇವಾಡಿ ದಾರಿ ಹಿಡಿದು ಬಂದೆ. ಬಾಗೇವಾಡಿ ನಿಲ್ದಾಣದಲ್ಲಿ ಬಹಳ ಹೊತ್ತು ಕಾಯಬೇಕಾಯಿತು. ಚೀಲದಲ್ಲಿ ಪುಸ್ತಕವಿತ್ತು. ತೆಗೆದೆ, ಓದಲಾಗದೆ ಹಾಗೇ ಒಳಗಿಟ್ಟೆ. ಇನ್ನೂ ಉಳಿದ ಪೇಪರುಗಳನ್ನೆಲ್ಲ ಒಬ್ಬಳೇ ಬರೆಯಬೇಕು ಅನ್ನುವುದು ಅಲ್ಲಿ ಕೂತಾಗ ಸರಿಯಾಗಿ ತಿಳಿಯಿತು.

ಮುಂದಿನ ಪರೀಕ್ಷೆಗೆ ಒಬ್ಬಳೇ ಹೋದೆ. ಪಾಸೂ ಆದೆ. ಕಂಪನಿಯ ಆನ್‌ಲೈನ್ ಮೀಟಿಂಗಿನಲ್ಲಿ ಸಾಹೇಬರು ನನ್ನ ಹೆಸರು ಹೇಳಿದರು. ಪರದೆಯ ಮೇಲೆ ಮುಖಗಳೆಲ್ಲ ಸದ್ದಿಲ್ಲದೆ ಚಪ್ಪಾಳೆ ತಟ್ಟಿದವು. ಆಕೆಯೂ ತಟ್ಟಿದಳು.

ಪಗಾರ ಏರಿದ ದಿನ ವೈನಿ, ಅಣ್ಣನ ಹೆಂಡತಿ, ಹೋಳಿಗೆ ಮಾಡಿದಳು. ಬಾಜೂ ಮನೆಯವರು, "ಇವತ್ತ ಯಾವ ಹಬ್ಬರಿ?" ಎಂದು ಕೇಳಿದರು. "ಹಬ್ಬ ಏನಿಲ್ರಿ, ಆಕಿ ಕಂಪನ್ಯಾಗ ಏನೋ ಆಗೈತಿ" ಅಂದಳು ವೈನಿ. ನಾನು ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ.

ಊಟ ಮುಗಿಸಿ ಗೆಳತಿಗೆ ಫೋನಿನಲ್ಲಿ ಮುಂದಿನ ಪೇಪರಿನದೊಂದು ಪ್ರಶ್ನೆ ಬರೆದೆ, ಕಳಿಸುವ ಮೊದಲೇ ಅಳಿಸಿದೆ. ಅಮ್ಮಿಯ ಮಂಡಿನೋವು ಹೇಗಿದೆ ಎಂದು ಕೇಳಿದೆ. ಅದಕ್ಕೆ ಆಕೆ ಉದ್ದನೆಯ ಉತ್ತರ ಬರೆದಳು. ಡಾಕ್ಟರು ಏನಂದರು, ಅಮ್ಮಿ ಹೇಗೆ ಔಷಧಿ ತಪ್ಪಿಸುತ್ತಾರೆ, ಎಲ್ಲ. ಓದಿ ನಕ್ಕೆ. ಆಮೇಲೆ ಕೋಣೆಗೆ ಹೋಗಿ ಬಾಗಿಲು ಮುಂದೆ ಎಳೆದು ಓದಲು ಕೂತೆ.