ಹಗಲು ದೀಪದ ಕಾರು

ಮನಾಸೆಯ ಬಾಯಿಂದ ಕೆಟ್ಟ ಮಾತು ಕೇಳಿದವರು ನಮ್ಮ ದ್ವೀಪದ ವಾಯಿನಿ ಹಳ್ಳಿಯಲ್ಲಿ ಯಾರೂ ಇಲ್ಲ. ಕಾರು ರಿಪೇರಿಯವನ ಬಗ್ಗೆ ಹೀಗೆಂದರೆ ಯಾರು ನಂಬುತ್ತಾರೆ? ಆದರೂ ನಿಜ. ಸ್ಪ್ಯಾನರ್ ಜಾರಿ ಬೆರಳು ಜಜ್ಜಿಹೋದರೂ ಅವನು “ದೇವರೇ” ಎನ್ನುವುದಷ್ಟೆ. ಮೂವತ್ತು ವರ್ಷದಿಂದ ಮನೆ ಮುಂದಿನ ದಿವಿಹಲಸಿನ ಮರದ ಕೆಳಗೇ ಅವನ ಕೆಲಸ. ಬೇಲಿಯ ಆಚೆ ಅಕ್ಕ ಲೋಸಲಿನೆಯ ಮನೆ. ಅಕ್ಕನ ಕಿವಿಗೆ ಬೀಳುವಂತೆ ತಮ್ಮ ಹೊಲಸು ಮಾತಾಡುವುದುಂಟೆ? ಇಲ್ಲಿಯ ಕಟ್ಟಳೆಯಲ್ಲಿ ಪಾದ್ರಿಯ ಮುಂದಾದರೂ ಕಾಲು ಚಾಚಿ ಕೂರಬಹುದು, ಅಕ್ಕನ ಮುಂದೆ ಕೂಡದು. ಹನ್ನೆರಡು ತುಂಬಿದ ಮೇಲೆ ಅವನು ಅಕ್ಕನ ಜೊತೆ ಒಂದೇ ಕೋಣೆಯಲ್ಲಿ ಮಲಗಿಲ್ಲ, ಒಂದೇ ಕಾರಿನಲ್ಲಿ ಕೂತಿಲ್ಲ. ಈಗಿನ ಹುಡುಗರು ಇದನ್ನೆಲ್ಲ ಗಾಳಿಗೆ ತೂರಿದ್ದಾರೆ, ಅವರ ಮಾತು ಬಿಡಿ. ಮನಾಸೆ ಹಳೆಯ ಕಾಲದವನು. ಅಕ್ಕನಿಗೆ ಬಹುವಚನವೇ.

ಭಾವ ಫೆಲೆತಿ ಇದಕ್ಕೆ ತೀರಾ ಉಲ್ಟಾ. ಬಸ್ ಡ್ರೈವರು, ಬಾಯಿ ಹಾರ್ನಿಗಿಂತ ಜೋರು. ದಾರಿಗೆ ಅಡ್ಡ ಬಂದವರ ಏಳು ತಲೆಮಾರನ್ನೂ ತೊಳೆದುಬಿಡುತ್ತಿದ್ದ. ಹಂದಿಗಳಿಗೂ ರಿಯಾಯಿತಿ ಇರಲಿಲ್ಲ. ಭಾಮೈದನ ಎದುರು ಅವನು ಎಡವಿದ್ದು ಒಂದೇ ಸಲ. ಮಗಳ ಹುಟ್ಟುಹಬ್ಬದ ಊಟದಲ್ಲಿ ಅಕ್ಕ ತಮ್ಮ ಇಬ್ಬರೂ ಕೂತಿರುವುದನ್ನು ಮರೆತು ಒಂದು ಪೋಲಿ ಜೋಕು ಶುರುಮಾಡಿದ. ಅದು ಅರ್ಧಕ್ಕೆ ಬರುವಷ್ಟರಲ್ಲಿ ಮನಾಸೆ ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟು ಎದ್ದು ನಡೆದ. ಅಂಥ ಮಾತು ಬಂದರೆ ಎದ್ದು ಹೋಗಲೇಬೇಕು, ಇಲ್ಲದಿದ್ದರೆ ಅಕ್ಕನಿಗೆ ಅವಮಾನ. ಒಂದು ವರ್ಷ ಅವನು ಆ ಮನೆಯ ಹೊಸಿಲು ತುಳಿಯಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ಭಾಮೈದನ ನೆರಳು ಕಂಡರೂ ಫೆಲೆತಿ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದ.

ಈ ಏಪ್ರಿಲ್‌ನಲ್ಲಿ ದೇವರೇ ಬೀಗ ಹಾಕಿದ. ಲಕ್ವ ಹೊಡೆದು ಫೆಲೆತಿಯ ಬಲಗೈ, ಬಲಗಾಲು, ನಾಲಿಗೆ ಮೂರೂ ಬಿದ್ದುಹೋದವು. ಕೈಕಾಲು ಅಷ್ಟಿಷ್ಟು ಚೇತರಿಸಿಕೊಂಡವು. ಬಾಯಿಂದ ಮಾತ್ರ “ಊಂ” ಬಿಟ್ಟರೆ ಬೇರೇನೂ ಹೊರಡಲಿಲ್ಲ. ದೊಡ್ಡಾಸ್ಪತ್ರೆಯಲ್ಲಿ ಮಾತು ಕಲಿಸುವ ತಾಯಿನಾ ಎಂಬಾಕೆ ಪ್ರತಿ ಸೋಮವಾರ ನಾಲ್ಕು ಗಂಟೆಗೆ ಬರಹೇಳಿದ್ದಳು. “ಮೊದಲ ಆರು ತಿಂಗಳೇ ಮುಖ್ಯ ಅಮ್ಮಾ. ಒಂದೇ ಒಂದು ಪೂರ್ತಿ ಮಾತು ಬಂದ್ರೆ ಸಾಕು, ಉಳಿದಿದ್ದು ಅದರ ಬಾಲ ಹಿಡ್ಕೊಂಡು ಬರುತ್ತೆ” ಎಂದಿದ್ದಳು.

ಅಷ್ಟರಲ್ಲಿ ಲೋಸಲಿನೆಯ ಕಾರಿನ ಇಂಡಿಕೇಟರ್ ಕಡ್ಡಿ ಕೆಟ್ಟಿತು. ಸ್ಟೀರಿಂಗಿನ ಬಲಗಡೆ ಇರುತ್ತದಲ್ಲ, ಮೇಲೆ ಕೆಳಗೆ ಮಾಡಿದರೆ ಇಂಡಿಕೇಟರು, ತುದಿ ತಿರುಗಿಸಿದರೆ ಹೆಡ್‌ಲೈಟು, ಅದೇ. ತುದಿಯನ್ನು ಎಷ್ಟು ತಿರುಗಿಸಿದರೂ ಲೈಟು ಆರದು. ಬೇರೆ ಊರಲ್ಲಾದರೆ ಯಾರಿಗೇನು? ಇಲ್ಲಿ ಮಟಮಟ ಮಧ್ಯಾಹ್ನ ಲೈಟು ಹಾಕಿಕೊಂಡು ಒಂದು ಕಾರು ನಿಧಾನಕ್ಕೆ ಬಂತೆಂದರೆ ಒಳಗೆ ಹೆಣವಿದೆ ಎಂದೇ ಲೆಕ್ಕ. ಎದುರಿನವರು ಗಾಡಿ ಬದಿಗೆ ಹಾಕಿ ತಲೆ ತಗ್ಗಿಸುತ್ತಾರೆ. ಲೋಸಲಿನೆಯಂತೂ ಮೊದಲೇ ಪುಕ್ಕಲಿ, ಆಮೆಯ ಹಾಗೆ ಓಡಿಸುವವಳು. ಕೇಳಬೇಕೆ! ಆ ಸೋಮವಾರ ವಾಯಿನಿಯಿಂದ ಆಸ್ಪತ್ರೆಯವರೆಗೆ ಸಾಲುಸಾಲು ಗಾಡಿಗಳು ನಿಂತವು. ಫೆಲೆತಿಯ ಜೊತೆ ಇಪ್ಪತ್ತು ವರ್ಷ ದುಡಿದ ಡ್ರೈವರೊಬ್ಬ ಬಸ್ಸು ನಿಲ್ಲಿಸಿ ಟೋಪಿ ತೆಗೆದು ನಿಂತ. ಮುಂದಿನ ಸೀಟಿನಲ್ಲಿ ಕೂತಿದ್ದ ಫೆಲೆತಿ ಎಲ್ಲವನ್ನೂ ಕಣ್ಣಾರೆ ನೋಡಿದ.

ಅದಾದರೂ ಸಹಿಸಬಹುದಿತ್ತು. ಎರಡು ದಿನ ಬಿಟ್ಟು ಫೆಲೆತಿಯ ಚಿಕ್ಕಮ್ಮ ಫಾನೆ ಬಂದಳು. ಇಲ್ಲಿ ಸಾವಿನ ಮನೆಗೆ ಹೋಗುವವರ ರೂಢಿಯಂತೆ ಸೊಂಟಕ್ಕೆ ಹರಿದ ದೊಡ್ಡ ಚಾಪೆ ಸುತ್ತಿಕೊಂಡು, ಬುಟ್ಟಿ ತುಂಬ ಹೆಗ್ಗೆಣಸು ಹೊತ್ತುಕೊಂಡು, ಗೇಟಿನಿಂದಲೇ “ಅಯ್ಯೋ ನನ್ ಕಂದಾ, ಹೊರಟೋದ್ಯಲ್ಲೋ!” ಎಂದು ಗೋಳಾಡುತ್ತ ಬಂದರೆ, ಕಂದ ಜಗುಲಿಯಲ್ಲಿ ಕೂತು ಗಂಜಿ ಕುಡಿಯುತ್ತಿದ್ದಾನೆ! ಮುದುಕಿ ಕಿಟಾರನೆ ಕಿರುಚಿ ಬುಟ್ಟಿ ಎತ್ತಿಹಾಕಿದಳು. ಬೇಲಿಯಾಚೆ ಮನಾಸೆಗೆ ನಗು ತಡೆಯಲಾಗಲಿಲ್ಲ. ಆಮೇಲೆ ಭಾವನ ಮುಖ ನೋಡಿದ. ಫೆಲೆತಿಯ ಕಣ್ಣಿಂದ ನೀರು ಗಂಜಿಯ ಬಟ್ಟಲಿಗೆ ಇಳಿಯುತ್ತಿತ್ತು. ನಕ್ಕಿದ್ದಕ್ಕೆ ಮನಾಸೆಗೆ ತನ್ನ ಮೇಲೇ ಹೇಸಿಗೆಯಾಯಿತು.

ಮುಂದಿನ ಸೋಮವಾರ ಫೆಲೆತಿ ಜಗುಲಿಯ ಕಂಬ ತಬ್ಬಿಕೊಂಡು ಕೂತ. ಎಳೆದರೂ ಬಿಡಲಿಲ್ಲ, ಕಾರಿನ ಲೈಟಿನತ್ತ ಕೈ ತೋರಿಸಿ ತಲೆಯಾಡಿಸಿದ. ಅದರ ಮುಂದಿನ ಸೋಮವಾರವೂ ಅದೇ ಕಥೆ. ತಾಯಿನಾ ಹೇಳಿಕಳಿಸಿದಳು: ಇನ್ನೊಂದು ವಾರ ತಪ್ಪಿದರೆ ಆ ಹೊತ್ತು ಬೇರೆ ರೋಗಿಗೆ ಹೋಗುತ್ತದೆ.

ಶನಿವಾರ ಬೆಳಿಗ್ಗೆ ಲೋಸಲಿನೆ ಬೇಲಿಯ ಹತ್ತಿರ ಬಂದು, ಎಲ್ಲೋ ನೋಡುತ್ತ, “ಮನಾಸೆ, ಆ ಲೈಟು ಆರಿಸಿಕೊಡಪ್ಪ” ಎಂದಳು.

“ಫ್ಯೂಸ್ ಕಿತ್ತಾಕ್ಲಾ ಅಕ್ಕ?”

“ಬರೋವಾಗ ಕತ್ತಲಾಗಿರುತ್ತೆ. ರಸ್ತೆ ತುಂಬ ಹಂದಿ. ಹಂದಿ ಮೇಲೆ ಹತ್ತಿಸಿದ್ರೆ ಮುಂದಿನ ಸಲ ನಿಜವಾಗ್ಲೂ ನಮಗೇ ಟೋಪಿ ತೆಗೀತಾರೆ.”

“ಹಾಗಾದ್ರೆ ಕಡ್ಡೀನೇ ಬದಲಾಯಿಸ್ಬೇಕು. ನಾಳೆ ಭಾನುವಾರ, ಯಾರೂ ಕೆಲಸ ಮುಟ್ಟೋ ಹಾಗಿಲ್ಲ. ಇವತ್ತೇ ಆಗ್ಬೇಕು, ನೋಡ್ತೀನಿ ಇರಿ.”

ಇಡೀ ದ್ವೀಪದಲ್ಲಿ ಅದೇ ಮಾದರಿಯ ಕಾರು ಇನ್ನೊಂದೇ ಇತ್ತು, ಪಾದ್ರಿಯ ಹಿತ್ತಿಲಲ್ಲಿ ತುಕ್ಕು ಹಿಡಿದು ಬಿದ್ದದ್ದು. “ತಗೊಂಡು ಹೋಗಪ್ಪ, ಆದ್ರೆ ಸೀಟಲ್ಲಿ ಕೋಳಿ ಕಾವು ಕೂತಿದೆ, ಎಬ್ಬಿಸ್ಬೇಡ” ಎಂದರು ಪಾದ್ರಿ. ಕೋಳಿ ತೊಡೆ, ಮೊಣಕೈ ನೋಡದೆ ಕುಟುಕಿತು. ಪಾದ್ರಿ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. “ದೇವರೇ” ಎಂಬ ಮಾತು ಮನಾಸೆಗೆ ಅಂದು ಬಹಳ ಸಲ ಬೇಕಾಯಿತು.

ಮನೆಗೆ ಬಂದು ಬ್ಯಾಟರಿಯ ವಯರು ಬಿಚ್ಚಿದ. ಅವನು ಕಾರಿನೊಳಗೆ ಹೋದೊಡನೆ ಲೋಸಲಿನೆ ಅಡುಗೆಮನೆ ಬಾಗಿಲಿಗೆ ಸರಿದಳು. ಸ್ಟೀರಿಂಗಿನ ಕೆಳಗಿನ ಮೂರು ಸ್ಕ್ರೂ ತೆಗೆದಾಗ ಪ್ಲಾಸ್ಟಿಕ್ ಕವಚ ಎರಡು ಹೋಳಾಗಿ ಬಂತು. ಒಳಗೆಲ್ಲ ಬೂದು ಪುಡಿ: ಸಮುದ್ರದೊಳಗಿನ ಜ್ವಾಲಾಮುಖಿ ಸಿಡಿದ ವರ್ಷ ಊರ ಮೇಲೆ ಸುರಿದ ಬೂದಿ ಇನ್ನೂ ಅಲ್ಲೇ ಇತ್ತು. ಹಳೆಯ ಕಡ್ಡಿಯ ಎರಡು ಸ್ಕ್ರೂ ಬಿಚ್ಚಿ, ವಯರಿನ ಜೋಡಣೆಯ ಕೊಂಡಿ ಒತ್ತಿ ಎಳೆದ. ಬುಡದಲ್ಲಿ ತಾಮ್ರದ ಎರಡು ನಾಲಿಗೆಗಳು ಕರಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಲೈಟು ಆರುವುದಾದರೂ ಹೇಗೆ? ಕೋಳಿಯಿಂದ ಗೆದ್ದು ತಂದದ್ದನ್ನು ಒರೆಸಿ, ಸೀಮೆಎಣ್ಣೆಯಲ್ಲಿ ಅದ್ದಿದ ಬ್ರಷ್ಷಿನಿಂದ ತಿಕ್ಕಿ ಒಣಗಿಸಿ ಕೂರಿಸಿದ. ಟಕ್ ಎಂದು ಕೂತಿತು. ಕವಚ ಮುಚ್ಚಿ ಬ್ಯಾಟರಿಯ ವಯರು ಮತ್ತೆ ಸಿಗಿಸಿದ.

ಪರೀಕ್ಷೆಗೆ ಇಬ್ಬರು ಬೇಕು. ಅವನು ಇಳಿದು ಕಾರಿನ ಮುಂದೆ ನಿಂತ ಮೇಲೆ ಅಕ್ಕ ಹತ್ತಿ ಕೂತಳು.

“ಲೈಟ್ ಹಾಕಿ ಅಕ್ಕ. ಹಾಂ. ಆರಿಸಿ.”

ಆರಿತು. ಇಂಡಿಕೇಟರೂ ಎಡ ಬಲ ಎರಡೂ ಕಡೆ ಮಿಣುಕಿತು. ಜಗುಲಿಯಲ್ಲಿ ಫೆಲೆತಿ ಕಂಬದಿಂದ ಕೈ ತೆಗೆದ.

ಸೋಮವಾರ ಅವನು ಕಾರು ಹತ್ತಿದನೇನೋ ಹೌದು. ಆದರೆ ಬಾಗಿಲು ಹಾಕಲು ಬಂದ ಮನಾಸೆಯ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದವನು ಬಿಡಲೇ ಇಲ್ಲ. ದಾರಿಯಲ್ಲಿ ಲೈಟು ಮತ್ತೆ ಹತ್ತಿಕೊಂಡರೆ? ಆರಿಸುವವನು ಜೊತೆಯಲ್ಲಿರಲಿ ಎಂಬ ಹಟ. ಮನಾಸೆ ಬೆವತುಹೋದ. ಐವತ್ತೆಂಟು ವರ್ಷಕ್ಕೆ ಅಕ್ಕನ ಜೊತೆ ಒಂದೇ ಕಾರಿನಲ್ಲಿ?

ಲೋಸಲಿನೆ ತಿರುಗಿ ನೋಡದೆಯೇ ಹೇಳಿದಳು: “ಹಿಂದೆ ಹತ್ತಪ್ಪ. ನಾನು ರಸ್ತೆ ನೋಡ್ತೀನಿ, ನೀನು ಕಿಟಕಿ ನೋಡು. ಹೊತ್ತಾಯ್ತು.”

ಹತ್ತಿದ. ಹೆಗಲಲ್ಲಿದ್ದ ರಿಪೇರಿ ಸಾಮಾನಿನ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಮೈ ಮುದುಡಿ ಕೂತ.

ಯಾರೂ ನಿಲ್ಲಲಿಲ್ಲ. ಯಾರೂ ಟೋಪಿ ತೆಗೆಯಲಿಲ್ಲ. ಒಂದು ಲಾರಿ ಹಾರ್ನು ಹೊಡೆದು ಮುಂದೆ ಹೋಯಿತು, ಸೈಕಲ್ಲಿನವನೂ ಸೈಡು ಕೊಡಲಿಲ್ಲ. ಫೆಲೆತಿಯ ಬೆನ್ನು ಇಂಚಿಂಚಾಗಿ ನೆಟ್ಟಗಾಯಿತು. ಸಂತೆಯ ತಿರುವಿನಲ್ಲಿ ಒಂದು ಬಸ್ಸು ಹಿಂದಿನಿಂದ ನುಗ್ಗಿ ಬಂದು ಮೂತಿಗೆ ಅಡ್ಡ ಹಾಕಿತು. ಲೋಸಲಿನೆ ಬ್ರೇಕು ಒತ್ತಿದಳು.

ಬಸ್ಸಿನವನು ತಲೆ ಹೊರಗೆ ಹಾಕಿ ಅರಚಿದ: “ಏ ಅಜ್ಜಿ, ಏನ್ ಕಾರು ಓಡಿಸ್ತಿದ್ದೀಯೋ, ಮೊಟ್ಟೆಗೆ ಕಾವು ಕೊಡ್ತಿದ್ದೀಯೋ?”

ಫೆಲೆತಿ ಕಿಟಕಿಯತ್ತ ವಾಲಿದ. ಸೊಟ್ಟ ಬಾಯಿ ಒಮ್ಮೆ ತೆರೆಯಿತು, ಮುಚ್ಚಿತು, ಕತ್ತಿನ ನರ ಉಬ್ಬಿತು. ಆಮೇಲೆ ಬಂತು. ಮೂರಕ್ಷರದ ಮಾತು, ಬಸ್ಸಿನವನ ತಾಯಿಗೆ ಸಂಬಂಧಪಟ್ಟದ್ದು, ಒಂದಕ್ಷರವೂ ತೊದಲದೆ. ಅದನ್ನು ನಾನಿಲ್ಲಿ ಬರೆಯಲಾರೆ. ನನಗೂ ಅಕ್ಕ ಇದ್ದಾಳೆ.

ಲೋಸಲಿನೆ ಇಂಡಿಕೇಟರ್ ಹಾಕಿ ಕಾರನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದಳು. ತಿರುಗಲಿಲ್ಲ. ಅವಳ ಭುಜ ನಡುಗುತ್ತಿತ್ತು. ಅಳುವೋ ನಗುವೋ ಹಿಂದೆ ಕೂತವನಿಗೆ ಕಾಣುವಂತಿರಲಿಲ್ಲ. ಫೆಲೆತಿ ಎಡಗೈಯಿಂದ ಬಾಯಿ ಮುಚ್ಚಿಕೊಂಡಿದ್ದ. ಹಿಂದೆ ಯಾರಿದ್ದಾರೆಂದು ಅವನಿಗೆ ನೆನಪಾಗಿತ್ತು. ಇಂಡಿಕೇಟರು ಟಿಕ್ ಟಿಕ್ ಎನ್ನುತ್ತಲೇ ಇತ್ತು.

ಮನಾಸೆಯ ಕೈ ಆಗಲೇ ಬಾಗಿಲ ಹಿಡಿಯ ಮೇಲಿತ್ತು. ಇಳಿದು ಹೋಗಬೇಕು, ಅದೇ ಮರ್ಯಾದೆ. ಆದರೆ ಅವನು ಕಿಟಕಿಯನ್ನೇ ನೋಡುತ್ತ ಕೈಯನ್ನು ಮತ್ತೆ ಬ್ಯಾಗಿನ ಮೇಲಿಟ್ಟುಕೊಂಡ.

“ಭಾವ,” ಎಂದ, “ಬಸ್ಸಿನ ಸದ್ದಿಗೆ ನನಗೇನೂ ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳಿ.”