ಸಬಿಹಾ ಹೇಳಿದ ಸುಳ್ಳು

ಮಲತ್ಯಾ ಸೀಮೆಯ ಒಂದು ಹಳ್ಳಿಯಲ್ಲಿ ಏಪ್ರಿಕಾಟ್‌ಗೆ ಗಂಧಕದ ಹೊಗೆ ಹಾಕುವುದರಲ್ಲಿ ಸಬಿಹಾಳನ್ನು ಮೀರಿಸಿದವರಿರಲಿಲ್ಲ. ಹಣ್ಣಿನ ಹಲಗೆಗಳನ್ನು ಮಣ್ಣಿನ ಕೋಣೆಯಲ್ಲಿ ಪೇರಿಸಿ, ಬಾಣಲೆಯಲ್ಲಿ ಗಂಧಕ ಹೊತ್ತಿಸಿ, ಬಾಗಿಲ ಸಂದಿಗೆ ಕೆಸರು ಮೆತ್ತುವಳು. ಮರುದಿನ ತೆಗೆದು ಬಿಸಿಲಿಗೆ ಹರವಿದರೆ ಆ ಹಣ್ಣು ವರ್ಷವಾದರೂ ಕೆಡದು, ಅದರ ಕೇಸರಿ ಬಣ್ಣ ಮಾಸದು. ಬರೀ ಬಿಸಿಲಿಗೆ ಒಣಗಿಸಿದ ಕಂದು ಹಣ್ಣನ್ನು ಅವಳು ದನಕ್ಕೂ ಹಾಕಳು.

ಸೊಸೆ ನೆವಿನ್‌ಗೆ ಉಬ್ಬಸವಿತ್ತು. ಕೇಸರಿ ಹಣ್ಣು ತಿಂದರೆ ಎದೆ ಬಿಗಿಯುತ್ತದೆ ಎಂದು ಅವಳು ಬಂದ ವಾರದಲ್ಲೇ ಹೇಳಿದ್ದಳು. ಸಬಿಹಾ ಅದನ್ನು ಪೇಟೆ ಹುಡುಗಿಯ ಬಿನ್ನಾಣವೆಂದುಕೊಂಡಳು.

ಹಬ್ಬದ ದಿನ ಮನೆ ತುಂಬ ಹೆಂಗಸರು. ನೆರೆಮನೆಯ ಮುಕದ್ದೆಸ್ ಚಹಾ ಹೀರುತ್ತ, “ಏನೇ ಸಬಿಹಾ, ಊರೆಲ್ಲ ನಿನ್ ಹಣ್ಣು ತಿನ್ನತ್ತೆ, ನಿನ್ ಸೊಸೆಗೆ ಮಾತ್ರ ಸೇರಲ್ವಂತೆ?” ಎಂದಳು. ಎಲ್ಲರೂ ನಕ್ಕರು.

ಸಬಿಹಾ ಅಕ್ರೋಟು ತುಂಬಿದ ಮೂರು ಹಣ್ಣನ್ನು ಸೊಸೆಯ ತಟ್ಟೆಗೆ ಹಾಕಿದಳು. “ತಿನ್ನು. ನಾಲ್ಕು ಜನರ ಎದುರು ನನ್ ಮರ್ಯಾದೆ ಕಳೀಬೇಡ.”

ನೆವಿನ್ ತಲೆ ತಗ್ಗಿಸಿ ತಿಂದಳು. ಚಹಾದ ಲೋಟ ಖಾಲಿಯಾಗುವಷ್ಟರಲ್ಲಿ ಅವಳ ಎದೆ ತಿದಿಯಂತೆ ಏರಿಳಿಯತೊಡಗಿತ್ತು. ಸೇದುವ ಔಷಧಿಯೂ ನಾಟಲಿಲ್ಲ. ಮಗ ಯಾಲ್ಚಿನ್ ಅವಳನ್ನೆತ್ತಿ ಕಾರಿಗೆ ಹಾಕಿಕೊಂಡ; ಸಬಿಹಾಳೂ ಹತ್ತಿದಳು.

ಆಸ್ಪತ್ರೆಯಲ್ಲಿ ಅವನು ಚೀಟಿ ಮಾಡಿಸಲು ಹೋದಾಗ ಡಾಕ್ಟರಮ್ಮ ಕೇಳಿದರು: “ಗಂಧಕದ ಹೊಗೆ ಹಾಕಿದ ಹಣ್ಣೇನಾದ್ರೂ ಕೊಟ್ರಾ?”

“ಇಲ್ಲಮ್ಮ,” ಎಂದುಬಿಟ್ಟಳು ಸಬಿಹಾ. “ಬಿಸಿಲಲ್ಲಿ ಒಣಗಿಸಿದ್ದು. ಒಳಗೆ ಅಕ್ರೋಟು ತುಂಬಿದ್ದೆ.”

ಮುಖಕ್ಕೆ ಹಾಕಿದ್ದ ಮಾಸ್ಕಿನ ಮೇಲಿಂದ ನೆವಿನ್ ಅತ್ತೆಯನ್ನು ಒಮ್ಮೆ ನೋಡಿ ಕಣ್ಣು ಮುಚ್ಚಿಕೊಂಡಳು. ಹಾಗಾದರೆ ಅಕ್ರೋಟಿನಿಂದಲೇ ಇರಬೇಕು, ಅದನ್ನು ತಿನ್ನುವುದು ನಿಲ್ಲಿಸಿ ನೋಡಿ ಎಂದರು ಡಾಕ್ಟರಮ್ಮ.

ಮರುದಿನ ಹೆಂಡತಿಯನ್ನು ಮನೆಗೆ ಕರೆತಂದ ಯಾಲ್ಚಿನ್ ಅವಳಿಗೆ ಹೇಳುತ್ತಿದ್ದ: “ನೋಡಿದ್ಯಾ, ಅಮ್ಮನ ಹಣ್ಣಲ್ಲಿ ಏನೂ ತಪ್ಪಿಲ್ಲ. ಇನ್ಮೇಲೆ ಧೈರ್ಯವಾಗಿ ತಿನ್ನು.” ಅಡಿಗೆಮನೆಯಲ್ಲಿದ್ದ ಸಬಿಹಾಳಿಗೆ ಅದು ಕೇಳಿಸಿತು. ಅಲ್ಲಿಂದಲೇ ಕೂಗಿದಳು: “ತಿನ್ಬೇಡ. ನಾನು ಬರೋವರೆಗೂ ಏನೂ ಮುಟ್ಬೇಡ.”

ಒಬ್ಬಳೇ ಬಸ್ಸು ಹತ್ತಿ ಹೋಗಿ, ಡಾಕ್ಟರಮ್ಮನ ಮೇಜಿನ ಮೇಲೆ ಹಣ್ಣಿನ ಚೀಲವಿಟ್ಟು ನಿಜ ಹೇಳಿದಳು. ನೆಲ ಬಾಯಿಬಿಡಬಾರದೇ ಅನ್ನಿಸಿತು.

ಡಾಕ್ಟರಮ್ಮ ಬೈಯಲಿಲ್ಲ. “ಎಲ್ರಿಗೂ ಹೀಗಾಗಲ್ಲ. ಉಬ್ಬಸ ಇರೋರಲ್ಲಿ ಕೆಲವರಿಗೆ ಇದು ಉಸಿರೇ ಕಟ್ಸತ್ತೆ. ನೀವು ಬರದೇ ಇದ್ದಿದ್ರೆ ಆ ಹುಡುಗಿ ಮತ್ತೆ ತಿಂದಿರೋಳು.”

ಮನೆಗೆ ಬಂದವಳೇ ಮಗನ ಎದುರಿಗೇ ಸೊಸೆಗೆ ಹೇಳಿದಳು: “ನಾನು ಡಾಕ್ಟರಿಗೆ ಸುಳ್ಳು ಹೇಳಿದ್ದೆ.”

“ಗೊತ್ತು, ಅತ್ತೆ.”

“ಗೊತ್ತಿದ್ದೂ ಯಾಕೆ ಸುಮ್ನಿದ್ದೆ?”

“ನಿಮ್ ಮುಖ ನೋಡಿದೆ. ಬಾಯಿ ಬರ್ಲಿಲ್ಲ.”

ಸೊಸೆ ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಯಾಲ್ಚಿನ್ ಎದ್ದು ಹೊರಗೆ ಹೋದ; ತಿಂಗಳವರೆಗೆ ತಾಯಿಯ ಜೊತೆ ಸರಿಯಾಗಿ ಮಾತಾಡಲಿಲ್ಲ.

ಆ ಬೇಸಿಗೆಯಲ್ಲಿ ಸಬಿಹಾ ಮನೆಯ ಪಾಲಿನ ಹಣ್ಣನ್ನು ಹೊಗೆ ಕೋಣೆಗೆ ಒಯ್ಯದೆ ನೇರ ಮಾಳಿಗೆಯ ಮೇಲೆ ಹರವಿದಳು. ಅದು ಕಂದಿ ಸುಕ್ಕಾಯಿತು. “ಇದೇನೇ, ಬಡವರ ಹಣ್ಣು?” ಎಂದು ಮುಕದ್ದೆಸ್ ಕೆಣಕಿದಾಗ, ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ಮುಕದ್ದೆಸ್ ನಗಲಿಲ್ಲ.

ನೆವಿನ್ ಆ ಹಣ್ಣು ತಿಂದಳು, ಏನೂ ಆಗಲಿಲ್ಲ. ಆದರೆ ಅವಳು ತಿನ್ನುವಾಗ ಎದುರಿಗೆ ಕೂರಲು ಸಬಿಹಾಳಿಗೆ ಬಹಳ ದಿನದವರೆಗೆ ಆಗಲಿಲ್ಲ.